ಎರಡು ಕರಡಿಗೆ

ಬನಶಂಕರಿ ಎರಡನೇ ಹಂತ, ಬೆಂಗಳೂರು
18 ಮೇ 2025

ಸರ್ವಮಂಗಳಾ,

ನಿನ್ನ ಭಾವ ಬರೆಯುತ್ತಿದ್ದೇನೆ. ಅಕ್ಷರ ನೋಡಿಯೇ ಗೊತ್ತಾಗಿರುತ್ತದೆ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟು ಗಾರೆ ಕೆಲಸಕ್ಕೆ ಹೋದವನ ಅಕ್ಷರ ಹೀಗೇ ಇರುತ್ತದೆ. ನೀನು ಮೇಷ್ಟ್ರಮ್ಮ ಆಗಿದ್ದವಳು, ಕೆಂಪು ಪೆನ್ನು ಹಿಡಿದು ತಿದ್ದುತ್ತಾ ಕೂರಬೇಡ. ಫೋನಿನಲ್ಲಿ ಮೂರನೇ ಮಾತಿಗೆ ಇಬ್ಬರೂ ಕೂಗಾಡುತ್ತೇವೆ, ನಾಲ್ಕನೇ ಮಾತಿಗೆ ನೀನು ಕಟ್ ಮಾಡುತ್ತೀಯ. ಅದಕ್ಕೇ ಕಾಗದ.

ಒಂದೇ ವಿಷಯ ಕೇಳಬೇಕು. ನಿನ್ನ ಅಕ್ಕನನ್ನು ಮಣ್ಣು ಮಾಡಿದ ದಿನ ಅವಳ ಕೈಗೆ ಇಟ್ಟದ್ದು ಯಾರ ಇಷ್ಟಲಿಂಗ?

ನಿನ್ನೆ ಬೆಳಗ್ಗೆ ಸೊಸೆ ಅಂಜನಾ ಬೈದಳು. "ಮಾವ, ನಿಮ್ಮ ಕರಡಿಗೆ ಕಪ್ಪಾಗಿ ಬನಿಯನ್‌ಗೆಲ್ಲಾ ಕಲೆ ಹಿಡೀತಿದೆ, ಅದನ್ನ ಒಗೆಯೋಳು ನಾನು." ಹುಣಸೆಹಣ್ಣು ಹಾಕಿ ಬೆಳ್ಳಿ ಉಜ್ಜೋಣ ಎಂದು ಕೊರಳಿನಿಂದ ತೆಗೆದು ಮುಚ್ಚಳ ಬಿಚ್ಚಿದೆ. ಏಳು ತಿಂಗಳಾದ ಮೇಲೆ ಬಿಚ್ಚಿದ್ದು. ಹೌದು, ಏಳು ತಿಂಗಳು ಲಿಂಗಪೂಜೆ ಮಾಡಿಲ್ಲ. ಯಾಕೆ ಅಂತ ಕೇಳಬೇಡ. ಬಿಟ್ಟೆ ಎಂದೂ ಅಂದುಕೊಳ್ಳಲಿಲ್ಲ, ಬೆಳಗ್ಗೆ ಏಳುವುದು, ಕಾಫಿ ಕುಡಿಯುವುದು, ಕೂರುವುದು, ಹಾಗೇ ಆಯಿತು.

ಒಳಗೆ ಹಸಿರು ಬಟ್ಟೆ ಇತ್ತು. ಅವಳ ಮದುವೆಯ ಕುಪ್ಪಸದ ತುಂಡು. ನನ್ನದು ಬಿಳಿ ಪಂಚೆಯ ತುಂಡಿನಲ್ಲಿ ಸುತ್ತಿರುತ್ತಿತ್ತು. ಬಟ್ಟೆ ಬದಲಾಗಿರಬಹುದು ಎಂದು ಲಿಂಗ ಹೊರಗೆ ತೆಗೆದು ನೋಡಿದೆ. ನನ್ನ ಲಿಂಗದ ಅಂಚಿನಲ್ಲಿ ಜೋಳದ ಕಾಳಿನಷ್ಟು ಚಕ್ಕೆ ಎದ್ದಿದೆ. ನಾನು ಜಯನಗರದಲ್ಲಿ ಸಾರುವೆ ಮುರಿದು ಎರಡನೇ ಮಹಡಿಯಿಂದ ಬಿದ್ದಾಗ ಆದದ್ದು. ಇದರಲ್ಲಿ ಚಕ್ಕೆ ಇಲ್ಲ. ಇದು ಅವಳದ್ದು.

ಹಾಗಾದರೆ ನನ್ನದು ಮಣ್ಣಿನಲ್ಲಿದೆ.

ಎರಡು ಕರಡಿಗೆಯೂ ಒಂದೇ ಅಚ್ಚು, ಮದುವೆಯಾಗಿ ಇಪ್ಪತ್ತೈದು ವರ್ಷಕ್ಕೆ ದಾವಣಗೆರೆಯಲ್ಲಿ ಮಾಡಿಸಿದ್ದು. ಮುಚ್ಚಿಟ್ಟರೆ ನನಗೂ ಗೊತ್ತಾಗುವುದಿಲ್ಲ. ಆದರೆ ಮಠದ ಅಯ್ಯನವರು "ಅಮ್ಮನ ಲಿಂಗ ಕೊಡಿ" ಅಂದಾಗ ಕರಡಿಗೆ ಬಿಚ್ಚಿ ತೆಗೆದುಕೊಟ್ಟವಳು ನೀನು. ಹಸಿರು ಯಾವುದು ಬಿಳಿ ಯಾವುದು ಅಂತ ನಿನಗೆ ಕಾಣಲಿಲ್ಲವೇ? ಕನ್ನಡಕ ಇರಲಿಲ್ಲವೇ? ಬರೆ.

ಮರುಳಸಿದ್ದಪ್ಪ

—

ಬನಶಂಕರಿ
15 ಜೂನ್ 2025

ಸರ್ವಮಂಗಳಾ,

ಹೊಸದುರ್ಗಕ್ಕೆ ಕಾಗದ ಹೋಗಲು ನಾಲ್ಕು ದಿನ ಸಾಕು. ನಾಲ್ಕು ವಾರ ಆಯಿತು. ಸರಿ, ನೀನು ಬರೆಯದಿದ್ದರೂ ಕೆಲಸ ನಿಲ್ಲುವುದಿಲ್ಲ.

ವರ್ಷದ ಕಾರ್ಯದೊಳಗೆ ಅವಳ ಸಮಾಧಿಯ ಮೇಲೆ ಗದ್ದುಗೆ ಕಟ್ಟಬೇಕು. ನಾನೇ ಕಟ್ಟುವವನು. ಕಟ್ಟಿದ ಮೇಲೆ ಒಡೆಯಲು ಆಗುವುದಿಲ್ಲ. ಆದ್ದರಿಂದ ಮೊದಲು ಮಣ್ಣು ತೆಗೆಸಿ, ಅವಳದ್ದನ್ನು ಅವಳಿಗೆ ಕೊಟ್ಟು, ನನ್ನದನ್ನು ತೆಗೆದುಕೊಂಡು, ಆಮೇಲೆ ಮುಚ್ಚುತ್ತೇನೆ. ರುದ್ರಭೂಮಿಯ ಸಮಿತಿಯವರು ಇದಕ್ಕೆ ಎರಡು ಸಹಿ ಬೇಕು ಅಂದರು, ಒಂದು ಗಂಡನ ಕಡೆಯಿಂದ, ಒಂದು ತವರಿನ ಕಡೆಯಿಂದ. ಆಮೇಲೆ ಆಫೀಸಿನಲ್ಲಿ ಪರ್ಮಿಷನ್ನು. ತವರು ಅಂದರೆ ಈಗ ನೀನೊಬ್ಬಳೇ. ಫಾರಂ ಇದರ ಜೊತೆ ಇಟ್ಟಿದ್ದೇನೆ. ಪೆನ್ಸಿಲಿನಲ್ಲಿ ಗುರುತು ಹಾಕಿದ ಕಡೆ ಸಹಿ ಹಾಕಿ ಕಳಿಸು.

ಎಲ್ಲರೂ ಬೇಡ ಅನ್ನುವವರೇ. ರುದ್ರಭೂಮಿ ಕಾಯುವವನು ಭೀಮಪ್ಪ, ಗದಗದ ಕಡೆಯವನು, ಗುಂಡಿ ತೆಗೆದವನೂ ಅವನೇ. "ಬ್ಯಾಡ್ರಿ ಯಜಮಾನ್ರ" ಅಂದ. "ಮಳಿ ಬಿದ್ದೈತಿ, ಎಂಟ್ ತಿಂಗ್ಳಾಗೈತಿ. ನೀವು ನೋಡಬಾರದ್ದ ನೋಡ್ತೀರಿ."

"ನಾನು ನೋಡಬೇಕಾದ್ದೆಲ್ಲಾ ನೋಡಾಯ್ತು, ನೀನು ಗುದ್ದಲಿ ಹಿಡಿ" ಅಂದೆ.

"ಹಿಡೀತೀನ್ರಿ. ಕಾಗದ ತರ್ರಿ ಮೊದ್ಲ."

ಅಯ್ಯನವರು ಇನ್ನೂ ಸುಲಭದ ದಾರಿ ಹೇಳಿದರು. ಮಣ್ಣಿಗೆ ಹೋದದ್ದು ಹೋಯಿತು, ಅವಳದ್ದನ್ನು ಮಠಕ್ಕೆ ಒಪ್ಪಿಸಿ, ನಿಮಗೆ ಹೊಸದು ಕಟ್ಟೋಣ ಅಂದರು. ಚಪ್ಪಲಿ ಕಿತ್ತುಹೋದಾಗ ಹೊಸ ಜೊತೆ ತಗೊಳ್ಳಿ ಅಂದ ಹಾಗೆ. ನಾನು ಏನೋ ಅಂದೆ. ಅವರು ಈಗ ನನ್ನ ಜೊತೆ ಮಾತಾಡುತ್ತಿಲ್ಲ.

ಮಗ ವಿಜಯಕುಮಾರ್ ಹೇಳಿದ್ದು, "ಬಿಟ್ಬಿಡಿ ಅಪ್ಪ, ಯಾರಿಗೆ ಗೊತ್ತಾಗತ್ತೆ?"

"ನಂಗೆ ಗೊತ್ತಾಯ್ತಲ್ಲೋ" ಅಂದೆ. ಅವನು ಬೂಟು ಹಾಕಿಕೊಂಡು ಹೊರಟ.

ಗದ್ದುಗೆಗೆ ಸಿಮೆಂಟ್ ಹಾಕುವುದಿಲ್ಲ. ಸುಣ್ಣ ನೆನೆಹಾಕಿದ್ದೇನೆ, ಡ್ರಮ್ಮಿನಲ್ಲಿ, ಕಾರು ನಿಲ್ಲಿಸುವ ಜಾಗದಲ್ಲಿ. ಮೂರು ತಿಂಗಳು ನೆನೆಯಬೇಕು. ಮಗ ಕಾರನ್ನು ರಸ್ತೆಯಲ್ಲಿ ನಿಲ್ಲಿಸುತ್ತಿದ್ದಾನೆ.

ನಿನಗೆ ಸಕ್ಕರೆ ಕಾಯಿಲೆ ಹೇಗಿದೆ ಎಂದು ಕೇಳು ಅಂತ ಅಂಜನಾ ಹೇಳಿದಳು. ಕೇಳಿದ್ದೇನೆ.

ಮರುಳಸಿದ್ದಪ್ಪ

—

ಹೊಸದುರ್ಗ
4 ಜುಲೈ 2025

ಭಾವನವರಿಗೆ,

ಎರಡೂ ಪತ್ರ ತಲುಪಿವೆ. ಫಾರಂ ಕೂಡ. ಸಹಿ ಹಾಕಿಲ್ಲ.

ನೀವು ನನ್ನನ್ನು ಒಂದು ಪ್ರಶ್ನೆ ಕೇಳಿದ್ದೀರಿ. ನನ್ನದೂ ಒಂದಿದೆ. ಅಕ್ಕ ಅಲ್ಲಿ ಜೈಪುರದ ಕೋಟೆಯಲ್ಲಿ ನೀರು ಕೇಳಿದಳಲ್ಲ, ಅದನ್ನು ನೀವು ಯಾರಿಗಾದರೂ ಹೇಳಿದ್ದೀರಾ? ವಿಜಯನಿಗೆ? ಅಂಜನಾಗೆ? "ನೋಡನೋಡುತ್ತಲೇ ಕುಸಿದುಬಿಟ್ಟಳು" ಎಂದು ನೀವು ಬಂದವರಿಗೆಲ್ಲ ಹೇಳುವಾಗ ನಾನು ಪಕ್ಕದ ಕೋಣೆಯಲ್ಲಿದ್ದೆ. ಮೂರು ದಿನ ಅದೇ ಮಾತು ಕೇಳಿಸಿಕೊಂಡು ನಾಲ್ಕನೇ ದಿನ ಬಸ್ಸು ಹತ್ತಿದೆ.

ಅದನ್ನು ನೀವು ನಿಮ್ಮ ಕೈಯಿಂದ ಬರೆಯಿರಿ. ನಿಮ್ಮ ಪ್ರಶ್ನೆಗೆ ನಾನು ಉತ್ತರ ಬರೆಯುತ್ತೇನೆ.

ಸಕ್ಕರೆ ಇದ್ದಲ್ಲೇ ಇದೆ.

ಸರ್ವಮಂಗಳಾ

—

ಬನಶಂಕರಿ
9 ಜುಲೈ 2025

ಸರ್ವಮಂಗಳಾ,

ನೀರಿನ ವಿಷಯ ಬೇರೆ. ಲಿಂಗದ ವಿಷಯ ಬೇರೆ. ನೀನು ಎರಡನ್ನೂ ಕಲಸಬೇಡ. ನಾನು ನಿನ್ನ ಕ್ಲಾಸಿನ ಹುಡುಗನಲ್ಲ, ನೀನು ಹೇಳಿದ್ದನ್ನು ಬರೆದುಕೊಂಡು ಬರಲು.

ಫಾರಂ ಕಳಿಸು. ಇಲ್ಲದಿದ್ದರೆ ನಾನೇ ಹೊಸದುರ್ಗಕ್ಕೆ ಬಂದು ನಿನ್ನ ಜಗುಲಿಯ ಮೇಲೆ ಕೂರುತ್ತೇನೆ.

ಮರುಳಸಿದ್ದಪ್ಪ

—

ಬನಶಂಕರಿ
24 ಆಗಸ್ಟ್ 2025

ಸರ್ವಮಂಗಳಾ,

ಬರೆಯುತ್ತೇನೆ. ಹೊಸದುರ್ಗಕ್ಕೆ ಹೊರಟೂ ಇದ್ದೆ. ಬನಶಂಕರಿ ಬಸ್ ಸ್ಟ್ಯಾಂಡಿನವರೆಗೆ ಹೋಗಿ, ಮೆಜೆಸ್ಟಿಕ್ಕಿನ ಬಸ್ಸು ಎರಡು ಬಿಟ್ಟು, ವಾಪಸ್ ಬಂದೆ. ನಿನ್ನ ಮುಂದೆ ಕೂತು ಬಾಯಲ್ಲಿ ಹೇಳಲು ಆಗುವುದಿಲ್ಲ ಎಂದು ಅಲ್ಲಿ ಕೂತಾಗ ಗೊತ್ತಾಯಿತು.

ಜೈಪುರಕ್ಕೆ ಹೋಗಬೇಕು ಅಂದವಳು ಅವಳೇ. ಸಿಮೆಂಟ್ ಅಂಗಡಿಯವರು ಕೊಟ್ಟ ಕ್ಯಾಲೆಂಡರಿನಲ್ಲಿ ಹವಾ ಮಹಲಿನ ಚಿತ್ರ ಇತ್ತು. ವರ್ಷ ಮುಗಿದ ಮೇಲೆ ಆ ಹಾಳೆ ಕಿತ್ತು ಬೀರುವಿನ ಬಾಗಿಲ ಒಳಗಡೆ ಅಂಟಿಸಿದ್ದಳು. ಹದಿನೆಂಟು ವರ್ಷ ಅಲ್ಲೇ ಇತ್ತು. ನಾನು ಅಂಗಿ ತೆಗೆಯುವಾಗಲೆಲ್ಲ ನೋಡಿದ್ದೇನೆ. ಮುಂದಿನ ವರ್ಷ, ಮುಂದಿನ ವರ್ಷ ಅಂದಿದ್ದೇನೆ. ಕೊನೆಗೆ ಜಯನಗರದ ಪ್ರವಾಸದವರ ತಂಡದಲ್ಲಿ ಹೆಸರು ಬರೆಸಿದವನು ವಿಜಯ, ನಾನಲ್ಲ. ನೀನೂ ಬರುತ್ತೀಯ ಎಂದು ಗೊತ್ತಾದಾಗ ನಾನು ಮುಖ ಸಿಂಡರಿಸಿದೆ. ಅದನ್ನೂ ಬರೆದುಬಿಡುತ್ತೇನೆ.

ಮೊದಲ ದಿನ ಹವಾ ಮಹಲ್. ಅವಳು ರಸ್ತೆಯ ಆಚೆ ನಿಂತು ಕತ್ತೆತ್ತಿ, "ಇಷ್ಟು ಕಿಟಕಿ ಯಾರ್ರೀ ಒರೆಸೋರು?" ಅಂದಳು. ನೀನು ನಕ್ಕೆ. ನಾನು ಹಿಂದಕ್ಕೆ ಹೋಗಿ ನೋಡಿ ಬಂದು, "ಮೇಲಿನ ಅಂತಸ್ತೆಲ್ಲಾ ಬರೀ ಮುಂದಿನ ಗೋಡೆ ಕಣೇ, ಹಿಂದೆ ಆಳವೇ ಇಲ್ಲ" ಅಂದೆ. "ಇರ್ಲಿ ಬಿಡ್ರಿ, ನಾವು ನಿಂತಿರೋದು ಮುಂದೆ ತಾನೇ" ಅಂದಳು. ಎರಡನೇ ದಿನ ಊರೊಳಗಿನ ಅರಮನೆ. ನವಿಲಿನ ಬಾಗಿಲ ಮುಂದೆ ಅವಳನ್ನು ನಿಲ್ಲಿಸಿ ನೀನು ಫೋಟೋ ತೆಗೆದೆ. ಆ ಫೋಟೋ ನನ್ನ ಹತ್ತಿರ ಇಲ್ಲ.

ಮೂರನೇ ದಿನ ಬೆಟ್ಟದ ಮೇಲಿನ ಆಮೇರ್ ಕೋಟೆ. ನೀರಿನ ಬಾಟಲಿ ನನ್ನ ಹೆಗಲಿನ ಚೀಲದಲ್ಲಿತ್ತು. ಹತ್ತುವಾಗಲೇ ಅವಳು ನಿಧಾನ ಆದಳು. ಮೊದಲ ಸಲ ಕೇಳಿದ್ದು ಮೆಟ್ಟಿಲ ಮೇಲೆ. "ರೀ, ನೀರು." ಹಿಂದಿನವರಿಗೆ ದಾರಿ ಅಡ್ಡ ಆಗುತ್ತೆ, ಮೇಲೆ ಹೋಗಿ ಕುಡಿಯೋಣ ಅಂದೆ. ಎರಡನೇ ಸಲ ಅಂಗಳದಲ್ಲಿ. ಆಗ ಗೈಡು ಮಾತಾಡುತ್ತಿದ್ದ. ಕೈ ಸನ್ನೆ ಮಾಡಿ ಇರು ಅಂದೆ.

ಒಳಗೆ ಒಂದು ಗೋಡೆ ಇತ್ತು. ಎದೆಯ ಎತ್ತರದವರೆಗೆ ಬಿಳಿ, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಗೈಡು "ಮಾರ್ಬಲ್" ಅಂದ. ಅದು ಮಾರ್ಬಲ್ ಅಲ್ಲ. ಗಾರೆ. ಸುಣ್ಣಕ್ಕೆ ಕಲ್ಲಿನ ಪುಡಿ ಬೆರೆಸಿ, ಪದರದ ಮೇಲೆ ಪದರ ಎಳೆದು, ನುಣುಪುಕಲ್ಲಿನಿಂದ ದಿನಗಟ್ಟಲೆ ಉಜ್ಜಿದ ಗಾರೆ. ನಮ್ಮಪ್ಪ ಮಾಡುತ್ತಿದ್ದರು, ನಾನು ಹನ್ನೊಂದನೇ ವಯಸ್ಸಿಗೆ ಅವರ ಪಕ್ಕ ಕೂತು ಉಜ್ಜಿದ್ದೇನೆ. ಐವತ್ತೈದು ವರ್ಷದಿಂದ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಎಲ್ಲ ಕಡೆ ಸಿಮೆಂಟ್ ಬಂದುಬಿಟ್ಟಿತ್ತು, ನಾನೂ ಸಿಮೆಂಟೇ ಮೆತ್ತಿದೆ.

"ಚೂನಾ" ಅಂದೆ. ಗೈಡು ನಕ್ಕ. ತಂಡದವರೂ ನಕ್ಕರು. ನನಗೆ ಸಿಟ್ಟು ಬಂತು. ನನ್ನ ಸಿಟ್ಟು ನಿನಗೆ ಗೊತ್ತು. ಬಗ್ಗಿ, ನೆಲ ಸೇರುವ ಕಡೆ ಸ್ವಲ್ಪ ಎದ್ದಿದ್ದ ಅಂಚು ತೋರಿಸಲು ಹೋದೆ. ಬಗ್ಗಿದಾಗ ಶಿವದಾರ ಕಿತ್ತು ಕರಡಿಗೆ ನೆಲಕ್ಕೆ ಬಿತ್ತು. ಅವಳೇ ಎತ್ತಿದಳು. "ದಾರ ಹೋಯ್ತಲ್ರಿ" ಅಂದಳು. "ಹಿಡ್ಕೋ, ಸಂಜೆ ಕಟ್ತೀನಿ" ಅಂದೆ. ಆಗ ಮೂರನೇ ಸಲ ಕೇಳಿದಳು. "ಇರೇ ಸ್ವಲ್ಪ" ಅಂದೆ, ಜೋರಾಗಿ. ಅವಳು ಹೋಗಿ ಗೋಡೆಗೆ ಒರಗಿ ಕೂತಳು.

ನಾಲ್ಕನೇ ಸಲ ಬರೀ "ನೀರು" ಅಂದಳು. ನಾನು ತಿರುಗಲಿಲ್ಲ.

ತಂಡದಲ್ಲಿ ಜೆ.ಪಿ. ನಗರದ ಶ್ವೇತ ಅಂತ ಒಬ್ಬಳಿದ್ದಳಲ್ಲ, ಅವಳು "ಅಂಕಲ್, ಆಂಟೀನ ನೋಡಿ" ಅಂದಳು. ಅಷ್ಟು ಹೊತ್ತಿಗೆ ಗೈಡು ಅಂಚು ಮುಟ್ಟಿ ನೋಡಿ, ಹೌದು, ಸುಣ್ಣವೇ ಎಂದು ಒಪ್ಪಿಕೊಂಡಿದ್ದ.

ಹೃದಯ ನಿಂತದ್ದು, ನೀರು ಕುಡಿದಿದ್ದರೂ ಅಷ್ಟೇ ಆಗುತ್ತಿತ್ತು ಎಂದು ಆಸ್ಪತ್ರೆಯ ಡಾಕ್ಟರು ಹೇಳಿದರು. ನಾನು ಅವರನ್ನು ಕೇಳಿರಲಿಲ್ಲ.

ಸುಣ್ಣದ ಕೆಲಸ ಮಾಡಿದವರ ಬೆರಳ ತುದಿ ಸತ್ತುಹೋಗಿರುತ್ತದೆ. ಬಿಸಿ ಹೆಂಚು ಮುಟ್ಟಿದರೂ ತಿಳಿಯುವುದಿಲ್ಲ, ಚರ್ಮ ಸುಟ್ಟ ವಾಸನೆ ಬಂದ ಮೇಲೆ ತಿಳಿಯುತ್ತದೆ. ಅವತ್ತಿನಿಂದ ನಾನು ಪೂರ್ತಿ ಹಾಗೆ ಇದ್ದೇನೆ. ಅಳು ಬಂದಿಲ್ಲ. ಜನ ಅತ್ತುಬಿಡಿ ಅನ್ನುತ್ತಾರೆ, ಕೆಮ್ಮಿ ಕಫ ಉಗಿದುಬಿಡಿ ಅನ್ನುವ ಹಾಗೆ.

ನಿನ್ನೆ ರಾತ್ರಿ ಊಟಕ್ಕೆ ಕೂತಾಗ ವಿಜಯನಿಗೆ ಹೇಳಿದೆ. ಅವನು ತಟ್ಟೆಯಲ್ಲೇ ಕೈ ತೊಳೆದು ಎದ್ದುಹೋದ. ಅಂಜನಾ ಮಾತ್ರ ನನ್ನ ಮಂಚದ ಪಕ್ಕ ಚೊಂಬಿನಲ್ಲಿ ನೀರಿಟ್ಟು ಹೋದಳು, ದಿನಾ ಇಡುವ ಹಾಗೆ.

ನಾನು ಬರೆದಿದ್ದೇನೆ. ಈಗ ನೀನು ಬರೆ.

ಮರುಳಸಿದ್ದಪ್ಪ

—

ಹೊಸದುರ್ಗ
6 ಸೆಪ್ಟೆಂಬರ್ 2025

ಭಾವನವರಿಗೆ,

ನನಗೆ ಮೂರು ಸಲ ಎಂದು ನೆನಪಿತ್ತು. ನಾಲ್ಕನೆಯದು ನನಗೆ ಕೇಳಿಸಿರಲಿಲ್ಲ.

ಹೌದು, ಮೂರೂ ಸಲ ನನಗೂ ಕೇಳಿಸಿತ್ತು. ಬಾಟಲಿ ನಿಮ್ಮ ಚೀಲದಲ್ಲಿದೆ, ನೀವು ಕೊಡುತ್ತೀರಿ ಅಂದುಕೊಂಡು ನಾನು ಕನ್ನಡಿಯ ಚೂರುಗಳಿದ್ದ ಮಂಟಪದಲ್ಲಿ ನನ್ನದೇ ಫೋಟೋ ತೆಗೆದುಕೊಳ್ಳುತ್ತಿದ್ದೆ. ಹತ್ತು ಹೆಜ್ಜೆ ನಡೆದು ನಿಮ್ಮ ಚೀಲಕ್ಕೆ ಕೈ ಹಾಕಿದ್ದರೆ ಮುಗಿಯುತ್ತಿತ್ತು. ನಿಮ್ಮ ಚೀಲ ಮುಟ್ಟಿದರೆ ನೀವು ಬೈಯುತ್ತೀರಿ ಎಂದು ಹೋಗಲಿಲ್ಲ. ಇದನ್ನು ನಾನೂ ಯಾರಿಗೂ ಹೇಳಿರಲಿಲ್ಲ. ನಿಮ್ಮ ಮೇಲೆ ಕೋಪ ಮಾಡಿಕೊಂಡಿರುವುದು ಸುಲಭವಾಗಿತ್ತು.

ಈಗ ನಿಮ್ಮ ಪ್ರಶ್ನೆ. ನನ್ನ ಕನ್ನಡಕ ಇತ್ತು. ಹಸಿರು ಯಾವುದು, ಬಿಳಿ ಯಾವುದು ಎಂದು ಚೆನ್ನಾಗಿ ಕಂಡಿತು. ಗೊತ್ತಿದ್ದೇ ಬಿಳಿಯದನ್ನು ಕೊಟ್ಟೆ.

ಆಸ್ಪತ್ರೆಯಲ್ಲಿ ನೀವು ಕೌಂಟರಿನ ಹತ್ತಿರ ಇದ್ದಿರಿ. ಅವಳ ಕೈ ಮುಷ್ಟಿ ಕಟ್ಟಿತ್ತು. ನರ್ಸಮ್ಮನಿಗೆ ಬಿಡಿಸಲು ಆಗಲಿಲ್ಲ, ನಾನು ಒಂದೊಂದೇ ಬೆರಳು ಬಿಡಿಸಿದೆ. ಒಳಗೆ ನಿಮ್ಮ ಕರಡಿಗೆ ಇತ್ತು. ಅವಳ ಕೊರಳಿನದನ್ನು ಅವರು ದಾರ ಕತ್ತರಿಸಿ ತೆಗೆದರು. ಎರಡನ್ನೂ ಒಂದೇ ಪ್ಲಾಸ್ಟಿಕ್ ಕವರಿಗೆ ಹಾಕಿ ನನ್ನ ಕೈಗೆ ಕೊಟ್ಟರು. ಎರಡು ದಿನ ಕಳೆದು ಬೆಂಗಳೂರಿನಲ್ಲಿ ಅಯ್ಯನವರು ಕೈ ಚಾಚಿದಾಗ, ಅವಳು ಹಿಡಿದುಕೊಂಡಿದ್ದನ್ನೇ ಅವಳ ಕೈಗೆ ಕೊಟ್ಟೆ, ಅವಳದ್ದಕ್ಕೆ ದಾರ ಗಂಟು ಹಾಕಿ ನಿಮಗೆ ಕೊಟ್ಟೆ. ಒಮ್ಮೆ ಬಿಡಿಸಿದ್ದೇ ಸಾಕೆನಿಸಿತ್ತು.

ಇದಿಷ್ಟೇ ಬರೆದು ನಿಲ್ಲಿಸಿದರೆ ನಾನು ಒಳ್ಳೆಯವಳಾಗುತ್ತೇನೆ. ಆದರೆ ನೀವು ಪೂರ್ತಿ ಬರೆದಿರಿ, ನಾನೂ ಪೂರ್ತಿ ಬರೆಯಬೇಕು. ಸಿಟ್ಟಿಗೂ ಮಾಡಿದೆ. ಮಾರನೇ ದಿನ ಬೆಳಗ್ಗೆ ನೀವು ಪೂಜೆಗೆ ಕೂತು ಮುಚ್ಚಳ ತೆಗೆಯುತ್ತೀರಿ, ಹಸಿರು ಬಟ್ಟೆ ಕಾಣುತ್ತದೆ, ಇನ್ನು ಸಾಯುವವರೆಗೆ ದಿನಾ ಬೆಳಗ್ಗೆ ಅವಳಿಗೆ ನೀವೇ ನೀರು ಹಾಕಬೇಕು, ಹಾಕಲಿ ಎಂದುಕೊಂಡೆ. ಸ್ನಾನ ಮಾಡಿ ಬಂದು ನೀವು ಕೂಗುವುದನ್ನು ಕಾಯುತ್ತಾ ಅಡುಗೆಮನೆಯಲ್ಲಿ ನಿಂತಿದ್ದೆ. ನೀವು ಕೂಗಲಿಲ್ಲ. ಎರಡನೇ ದಿನವೂ ಇಲ್ಲ. ಊರಿಗೆ ಬಂದ ಮೇಲೂ ಫೋನು ಕಾದೆ. ನೀವು ತೆಗೆದೇ ಇಲ್ಲ ಎಂದು ನನಗೆ ಹೇಗೆ ಗೊತ್ತಾಗಬೇಕು? ನೋಡಿಯೂ ಸುಮ್ಮನಿದ್ದೀರಿ, ಇವರಿಗೆ ಏನೂ ಅನಿಸುವುದಿಲ್ಲ ಎಂದುಕೊಂಡು ಏಳು ತಿಂಗಳು ಇನ್ನಷ್ಟು ದ್ವೇಷಿಸಿದೆ.

ಫಾರಂಗೆ ಸಹಿ ಹಾಕಿದ್ದೇನೆ. ಜೊತೆಗಿದೆ. ತೆಗೆಸುವುದೂ ಬಿಡುವುದೂ ನಿಮಗೆ ಸೇರಿದ್ದು. ತೆಗೆಸಿದರೆ ಬೆರಳು ಬಿಡಿಸುವ ಕೆಲಸ ಈ ಸಲ ನೀವು ಮಾಡಿ.

ನವಿಲಿನ ಬಾಗಿಲಿನ ಫೋಟೋ ಪ್ರಿಂಟ್ ಹಾಕಿಸಿ ಇಟ್ಟಿದ್ದೇನೆ. ಕಣ್ಣು ಮುಚ್ಚಿದ್ದಾಳೆ. ಬಿಸಿಲಿತ್ತು.

ಸರ್ವಮಂಗಳಾ

—

ಬನಶಂಕರಿ
14 ಅಕ್ಟೋಬರ್ 2025

ಸರ್ವಮಂಗಳಾ,

ಕಾಗದ ಬಂದು ತಿಂಗಳಾಯಿತು. ಬೈದು ಬರೆಯಬೇಕೆಂದು ಎರಡು ಸಲ ಕೂತೆ. ಎರಡು ಸಲವೂ "ಸರ್ವಮಂಗಳಾ" ಎಂದು ಬರೆದ ಮೇಲೆ ಮುಂದೆ ಹೋಗಲಿಲ್ಲ. ಕೆಲಸವಾದರೂ ಮಾಡೋಣ ಎಂದು ಎದ್ದೆ.

ಫಾರಂ ಜೇಬಿನಲ್ಲಿಟ್ಟುಕೊಂಡು ರುದ್ರಭೂಮಿಗೆ ಹೋದೆ. ಭೀಮಪ್ಪ ಗುದ್ದಲಿ ತಂದು ಒರಗಿಸಿ, "ಕಾಗದ ಬಂತೇನ್ರಿ?" ಅಂದ.

"ಬಂತು" ಅಂದೆ.

"ಮತ್ತ?"

"ಗುದ್ದಲಿ ಒಳಗಿಡು. ಒಂದು ಬಕೆಟ್ ನೀರು ತಾ."

ಅವನು ಗುದ್ದಲಿ ಒಳಗಿಟ್ಟು ನೀರು ತಂದ.

ಮಣ್ಣು ತೆಗೆಸಲಿಲ್ಲ. ಇಟ್ಟಿಗೆ ಕಟ್ಟಿ ಗದ್ದುಗೆ ಎಬ್ಬಿಸಿದೆ. ಕನಕಪುರ ರಸ್ತೆಯ ಕಲ್ಲು ಕೊಯ್ಯುವವರ ಹತ್ತಿರ ಬಿಳಿ ಪುಡಿ ಎರಡು ಮೂಟೆ ನಾನೂ ಭೀಮಪ್ಪನೂ ಹೊತ್ತು ತಂದೆವು. ಡ್ರಮ್ಮಿನ ಸುಣ್ಣ ಬೆಣ್ಣೆ ಆಗಿತ್ತು. ಐದು ಪದರ ಎಳೆದು, ನುಣುಪುಕಲ್ಲಿನಿಂದ ಹನ್ನೊಂದು ದಿನ ಉಜ್ಜಿದೆ. ಅಲ್ಲಿನ ಗೋಡೆಯ ಹಾಗೆ ಬಂದಿಲ್ಲ. ತಲೆಯ ಕಡೆ ಒಂದು ಮೂಲೆ ಮಸುಕಾಗಿದೆ. ಆದರೆ ಬಿರುಕು ಬಿಟ್ಟಿಲ್ಲ. ಐದನೇ ದಿನ ವಿಜಯ ಆಫೀಸು ಬಿಟ್ಟು ಅಲ್ಲಿಗೆ ಬಂದ. ಪ್ಯಾಂಟು ಮಡಚಿ ಇನ್ನೊಂದು ಕಡೆಯಿಂದ ಉಜ್ಜಲು ಕೂತ. ತಪ್ಪು ಉಜ್ಜುತ್ತಿದ್ದ. ಹೇಳಿಕೊಟ್ಟೆ.

ಅಯ್ಯನವರ ಹತ್ತಿರವೂ ಹೋದೆ. ಹೊಸ ಲಿಂಗ ಬೇಡ, ಇದನ್ನೇ ಇಟ್ಟುಕೊಳ್ಳುತ್ತೇನೆ, ಶಾಸ್ತ್ರದಲ್ಲಿ ಇದೆಯೋ ಇಲ್ಲವೋ ಅಂದೆ. ಅವರು ಕರಡಿಗೆ ಕೈಗೆ ತೆಗೆದುಕೊಂಡು ನೋಡಿ, "ದಾರ ಹೊಸದು ಹಾಕಿಸ್ಕೊಳ್ಳಿ, ಅದು ಸವೆದಿದೆ" ಅಂದರು. ಹಾಕಿಸಿದ್ದೇನೆ.

ಇಪ್ಪತ್ತನೇ ತಾರೀಕು ವರ್ಷದ ಕಾರ್ಯ. ಬರುವುದಾದರೆ ಬಾ. ಬಂದರೆ ನಿನಗೆ ಮೇಲಿನ ಕೋಣೆ, ಕೆಳಗೆ ಸುಣ್ಣದ ವಾಸನೆ ಇನ್ನೂ ಹೋಗಿಲ್ಲ. ಫೋಟೋ ತಾ. ಕಣ್ಣು ಮುಚ್ಚಿದ್ದರೂ ತಾ. ಫಾರಂ ಇನ್ನೂ ಜೇಬಿನಲ್ಲೇ ಇತ್ತು, ಅಂಜನಾ ಅಂಗಿ ಜೊತೆ ಒಗೆದಿದ್ದಾಳೆ.

ಇವತ್ತು ಬೆಳಗ್ಗೆ ಸ್ನಾನ ಮಾಡಿ ಕೂತೆ. ಹಸಿರು ಬಟ್ಟೆ ಬಿಚ್ಚಿ ಎಡಗೈಯಲ್ಲಿ ಇಟ್ಟುಕೊಂಡೆ. ಒಂದು ಉದ್ಧರಣೆ ನೀರು ಸಾಕು, ಚಿಕ್ಕಂದಿನಿಂದ ಅಷ್ಟೇ ಹಾಕಿದ್ದೇನೆ. ಇವತ್ತು ಚೊಂಬು ಎತ್ತಿ ಹಾಕಿದೆ. ಕೈ ತುಂಬಿ ಪಂಚೆ ನೆನೆದು ಚಾಪೆಯ ಕೆಳಗೆಲ್ಲ ಹರಿಯಿತು. ಅಂಜನಾ ಓಡಿ ಬಂದು, "ಮಾವ, ಚೊಂಬು ಖಾಲಿಯಾಗಿದೆ" ಅಂದಳು.

ಇನ್ನೊಂದು ತಾ ಅಂದೆ.

ಮರುಳಸಿದ್ದಪ್ಪ